ಬಾಕಿ ಉಳಿದ ಕೆನ್ನೆ

ಹೆಣದ ಎಡಗೆನ್ನೆ ನುಣ್ಣಗಿತ್ತು. ಬಲಗೆನ್ನೆಯ ಮೇಲೆ ಸೋಪಿನ ನೊರೆ ಒಣಗಿ ಬಿಳಿ ಪೊರೆಗಟ್ಟಿತ್ತು. ಅದರ ಕೆಳಗೆ, ಕುತ್ತಿಗೆಯಲ್ಲಿ, ಒಂದೇ ಒಂದು ಗಾಯ. ಅಷ್ಟೇ ಸಾಕಾಗಿತ್ತು.

ಸತ್ತವರು ರೈಲ್ವೆಯಲ್ಲಿ ಗಾರ್ಡ್ ಆಗಿದ್ದು ನಿವೃತ್ತರಾದ ಮುದುಕರು. ಮಹಡಿ ಮನೆಯ ನಡುಕೋಣೆಯಲ್ಲಿ, ಮರದ ಕುರ್ಚಿಯಲ್ಲಿ, ಕೊರಳಿಗೆ ಕಟ್ಟಿದ ಟವೆಲ್ಲಿನ ಸಮೇತ ಕೂತಿದ್ದರು. ಮಧ್ಯಾಹ್ನ ಊಟಕ್ಕೆಂದು ಕೆಲಸದಿಂದ ಬಂದ ಮಗಳು ಬಾಗಿಲು ತಳ್ಳಿ ನೋಡಿ ಕಿರುಚಿದ್ದು ಬೀದಿಯ ಕೊನೆಯವರೆಗೂ ಕೇಳಿಸಿತ್ತಂತೆ. ಕೇಳಿಸಿಕೊಂಡು ಓಡಿಬಂದವರೆಲ್ಲ ಈಗ ಮೆಟ್ಟಿಲ ಮೇಲೆ ಸಾಲಾಗಿ ನಿಂತಿದ್ದರು. ಬಾಯಲ್ಲಿ ಅಯ್ಯೋ ಪಾಪ. ಕತ್ತು ಮಾತ್ರ ಒಳಗೆ ಇಣುಕಲು ಮೊಳದುದ್ದ ಬೆಳೆದಿತ್ತು.

"ಇಲ್ಲೇನು ಸಿನಿಮಾ ನಡೀತಿದ್ಯಾ? ಇಳೀರಿ ಕೆಳಗೆ!" ಎಂದಳು ಇನ್‌ಸ್ಪೆಕ್ಟರ್.

ಎಲ್ಲರೂ ದಡದಡ ಇಳಿದರು. ಸ್ಟೇಷನ್ನಿನಲ್ಲಿ ಬೆನ್ನ ಹಿಂದೆ ಅವಳನ್ನು ಕರೆಯುವುದು ಸಿಡುಕಮ್ಮ ಎಂದು. ಅವಳಿಗೂ ಅದು ಗೊತ್ತು. ಎದುರಿಗೆ ಕರೆಯುವ ಗಂಡಸು ಇನ್ನೂ ಹುಟ್ಟಿಲ್ಲವಲ್ಲ ಎಂಬ ತಾತ್ಸಾರ ಬೇರೆ. ಇಪ್ಪತ್ತು ಚಿಲ್ಲರೆ ವರ್ಷದ ನೌಕರಿಯಲ್ಲಿ ಅವಳು ಕಂಡ ಕಳ್ಳರು, ಕೊಲೆಗಾರರು, ಮೇಲಧಿಕಾರಿಗಳು ಯಾರೂ ಅವಳ ತಾತ್ಸಾರವನ್ನು ಕಡಿಮೆ ಮಾಡುವಂಥ ಕೆಲಸ ಮಾಡಿರಲಿಲ್ಲ.

ಅವಳು ಕೋಣೆಯನ್ನು ಒಂದು ಸುತ್ತು ನೋಡಿದಳು. ಕುರ್ಚಿಯ ಪಕ್ಕ ಸಣ್ಣ ಮೇಜು. ಅದರ ಮೇಲೆ ತಗಡಿನ ಬಿಸ್ಕತ್ತು ಡಬ್ಬಿ, ಮುಚ್ಚಳ ಅರ್ಧ ಎದ್ದಿದೆ. ಕುರ್ಚಿಯ ಕೆಳಗೆ ಒಂದು ಬಿಸ್ಕತ್ತು ಬಿದ್ದಿದೆ, ಕಚ್ಚಿದ ಗುರುತಿಲ್ಲ. ಆಚೆ, ಗಾಳಿ ಆಡುವ ಕಿಟಕಿಯ ಕಟ್ಟೆಯ ಮೇಲೆ, ನಾಲ್ಕು ಮಡಿಕೆ ಮಾಡಿದ ಒಣ ಟವೆಲ್. ಟವೆಲ್ಲಿನ ಮೇಲೆ ಕತ್ತಿ.

ಹಳೇ ಕಾಲದ ಕ್ಷೌರದ ಕತ್ತಿ. ಮಡಚಿ ಹಿಡಿಯೊಳಗೆ ಸೇರಿಸುವಂಥದ್ದು. ಈಗ ಪೂರ್ತಿ ಬಿಚ್ಚಿ ಇಟ್ಟಿತ್ತು. ಉಕ್ಕು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ಎಳ್ಳುಕಾಳಿನಷ್ಟು ಮುಕ್ಕು. ಅಲಗು ಮತ್ತು ಹಿಡಿ ಸೇರುವ ಕೀಲಿನ ಸಂದಿಯಲ್ಲಿ ಬತ್ತಿಯಂತೆ ಹೊಸೆದ ಹತ್ತಿ ಸಿಕ್ಕಿಸಿತ್ತು. ರಕ್ತದ ಒಂದು ಕಲೆಯೂ ಇಲ್ಲ.

"ತೊಳೆದಿಟ್ಟಿದ್ದಾರೆ ಮೇಡಂ," ಎಂದ ಹೆಡ್ ಕಾನ್‌ಸ್ಟೇಬಲ್. "ಬೆರಳಚ್ಚು ಹೋಗ್ಲಿ ಅಂತ."

ಅವಳು ಬಗ್ಗಿ ಮೂಸಿದಳು. "ಲವಂಗದ ವಾಸನೆ."

"ಮುದುಕರಿಗೆ ಹಲ್ಲು ನೋವಿರಬೇಕು ಮೇಡಂ. ಲವಂಗದ ಎಣ್ಣೆ ಇಟ್ಕೊಂಡಿರ್ತಾರೆ."

ಅವಳು ಗೋಡೆಯ ಗೂಡಿನತ್ತ ಕೈ ತೋರಿಸಿದಳು. ಗಾಜಿನ ಲೋಟದ ನೀರಿನಲ್ಲಿ ಮುದುಕರ ಎರಡೂ ಸಾಲು ಹಲ್ಲು ನೆಮ್ಮದಿಯಾಗಿ ಮುಳುಗಿದ್ದವು.

"ಹಲ್ಲೇ ಇಲ್ಲದವರಿಗೆ ಹಲ್ಲು ನೋವೇನಯ್ಯಾ? ಫೋಟೋ ತೆಗೆಸು. ಕತ್ತೀನ ಕಾಗದದ ಲಕೋಟೆಗೆ ಹಾಕಿ ಡಾಕ್ಟರ ಹತ್ರ ಕಳ್ಸು. ಡಬ್ಬೀನೂ ಕಳ್ಸು. ಮುಕ್ಕಿನ ವಿಷಯ, ಹತ್ತಿ ವಿಷಯ ಯಾರ ಹತ್ರನಾದ್ರೂ ಬಾಯಿ ಬಿಟ್ಟೆ ಅಂದ್ರೆ ನೋಡು."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರು.

"ಏನಮ್ಮಾ, ಆತ್ಮಹತ್ಯೆನಾ?"

"ಅಲ್ಲ ಸರ್. ಮುದುಕರಿಗೆ ಕೈ ನಡುಗೋ ಕಾಯಿಲೆ ಅಂತೆ. ಚಮಚ ಹಿಡಿದ್ರೆ ಸಾರು ಅಂಗಿ ಮೇಲೆ. ಅದೂ ಅಲ್ದೆ ಕತ್ತಿ ತೊಳೆದು ದೂರದಲ್ಲಿ ಇಟ್ಟಿದೆ."

"ಸತ್ತವನು ಎದ್ದು ಹೋಗಿ ತೊಳೆಯೋಕಾಗುತ್ತಾ? ಹಾಗಾದ್ರೆ ಮಗಳು. ದಿನಾ ಕ್ಷೌರ ಮಾಡ್ತಿದ್ದವಳು ಅವಳೇ ಅಂತೆ. ಬೆಳಿಗ್ಗೆ ಜಗಳಾನೂ ಆಗಿದೆ ಅಂತೆ. ಸಂಜೆ ಪತ್ರಿಕೆಯವರು ಬರ್ತಾರೆ. ನಾನೂ ಬರ್ತೀನಿ. ಅವಳನ್ನ ಒಳಗೆ ಹಾಕೋಕೆ ಸಿದ್ಧ ಮಾಡ್ಕೊಂಡಿರಿ."

ಫೋನು ಇಟ್ಟಾಯಿತು. ಹೆಣವನ್ನೇ ನೋಡದೆ ಕೊಲೆಗಾರರನ್ನು ಹಿಡಿಯುವ ವಿದ್ಯೆ ದೊಡ್ಡ ಸಾಹೇಬರಿಗೆ ಕರತಲಾಮಲಕ. ಅದರ ಜೋರಿನಲ್ಲೇ ಅವರು ಅಷ್ಟು ಮೇಲೆ ಹೋದದ್ದು ಎಂದು ಅವಳು ಮೂಗು ಮುರಿದಳು.

\* \* \*

ಮಗಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ನಲವತ್ತು ದಾಟಿದ ಹೆಂಗಸು. ಕನ್ನಡಕದ ಅಂಗಡಿಯಲ್ಲಿ ಕೆಲಸ. ಮದುವೆಯಾಗಿಲ್ಲ. ಅತ್ತು ಅತ್ತು ಮುಖ ಊದಿಕೊಂಡಿತ್ತು.

"ಅರ್ಧ ಕ್ಷೌರ ಮಾಡಿ ಯಾಕೆ ಬಿಟ್ಟೆ?"

"ಜಗಳ ಆಯ್ತು ಮೇಡಂ. ಬ್ಲೇಡು ತುಕ್ಕು ಹಿಡಿದಿದೆ, ಮುಖಾನ ಕೆರೀತಿದೀಯ, ಕ್ಷೌರ ಮಾಡ್ತಿದೀಯೋ ತೆಂಗಿನಕಾಯಿ ತುರೀತಿದೀಯೋ ಅಂದ್ರು. ದಿನಾ ಇದೇ ಗೋಳು. ನಂಗೂ ತಲೆ ಕೆಟ್ಟಿತ್ತು. ಹಾಗಾದ್ರೆ ಮಿಕ್ಕಿದ್ದು ನೀವೇ ಮಾಡ್ಕೊಳ್ಳಿ ಅಂತ ಬಿಟ್ಟು ಹೋದೆ."

"ಯಾವುದ್ರಲ್ಲಿ ಮಾಡ್ತಿದ್ದೆ? ಆ ದೊಡ್ಡ ಕತ್ತೀಲಾ?"

"ಅಯ್ಯೋ, ಅದನ್ನ ಮುಟ್ಟೋಕೇ ನಂಗೆ ಭಯ! ಅದು ಚಿಕ್ಕಪ್ಪ ನಿನ್ನೆ ಸಂಜೆ ತಂದು ಕೊಟ್ಟಿದ್ದು. ನಮ್ಮ ತಾತನ ಕತ್ತಿ ಅಂತೆ. ಅಪ್ಪನ ಪೆಟ್ಟಿಗೆ ತಳದಲ್ಲಿ ತುಕ್ಕು ಹಿಡಿದು ಬಿದ್ದಿತ್ತು. ಚಿಕ್ಕಪ್ಪ ತಗೊಂಡು ಹೋಗಿ ಎಷ್ಟೋ ತಿಂಗಳು ಉಜ್ಜಿ, ಉಜ್ಜಿ, ಹೊಸ ಹಿಡಿ ಹಾಕಿ ತಂದ್ರು."

"ಅಪ್ಪ ಏನಂದ್ರು?"

"ಹೂಂ, ಚೆನ್ನಾಗಿದೆ, ಅಲ್ಲಿಡು ಅಂದ್ರು. ಅಷ್ಟೇ. ಚಿಕ್ಕಪ್ಪನ ಮುಖ ಇಷ್ಟಾಯ್ತು."

ಇನ್‌ಸ್ಪೆಕ್ಟರ್ ಬಚ್ಚಲಿಗೆ ಹೋಗಿ ನೋಡಿದಳು. ಪ್ಲಾಸ್ಟಿಕ್ ಮಗ್ಗಿನಲ್ಲಿ ಅರ್ಧ ನೀರು. ಅದರೊಳಗೆ ಬ್ರಷ್ಷು, ಬ್ಲೇಡು ಹಾಕುವ ಸಾಧಾರಣ ಷೇವಿಂಗ್ ಸೆಟ್ಟು, ಎರಡೂ ಒಟ್ಟಿಗೆ ನೆನೆಯುತ್ತಿದ್ದವು. ಬ್ಲೇಡಿನ ಅಂಚು ಕೆಂಪಗೆ ತುಕ್ಕು ತಿಂದಿತ್ತು. ಮುದುಕರು ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ.

ಅವಳು ಮಗ್ಗನ್ನು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ವಾಪಸ್ಸು ಬಂದಳು.

"ಬಿಸ್ಕತ್ತು ಡಬ್ಬಿ ದಿನಾ ಅಲ್ಲೇ ಇರುತ್ತಾ?"

ಮಗಳ ಕಣ್ಣಲ್ಲಿ ಮತ್ತೆ ನೀರು ತುಂಬಿತು. "ಅದರ ಮುಚ್ಚಳ ಬಿಗಿ ಮೇಡಂ. ಅಪ್ಪನ ಕೈಲಿ ಆಗಲ್ಲ. ಕ್ಷೌರ ಆದ್ಮೇಲೆ ನಾನು ಚಮಚದ ಹಿಂಬದಿ ಹಾಕಿ ಎಬ್ಬಿಸಿ ಕೊಟ್ಟು ಹೋಗ್ತಿದ್ದೆ. ಚಹಾದಲ್ಲಿ ಅದ್ದಿಕೊಂಡು ತಿಂತಿದ್ರು. ಇವತ್ತು ಕೋಪದಲ್ಲಿ ತೆಗೆದೇ ಕೊಡ್ಲಿಲ್ಲ. ಬೇಕೂಂತ್ಲೇ ತೆಗೆದುಕೊಡ್ಲಿಲ್ಲ."

ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಎದುರುಮನೆಯಾಕೆ ಆಗಲೇ ಪೊಲೀಸರಿಗೆ ಹೇಳಿಕೆ ಕೊಟ್ಟು ಕೃತಾರ್ಥಳಾಗಿದ್ದಳು: ಬೆಳಿಗ್ಗೆ ಮಗಳು 'ಸಾಕಾಗಿ ಹೋಗಿದೆ ನಿಮ್ಮ ಸಹವಾಸ' ಎಂದು ಕೂಗಿದ್ದನ್ನು ತನ್ನ ಎರಡೂ ಕಿವಿಯಾರೆ ಕೇಳಿದೆ ಎಂದು. ಸಂಜೆಗೆ ಈ ಹೆಂಗಸಿನ ಕೈಗೆ ಕೋಳ ಬೀಳುತ್ತದೆ. ನಾಳೆ ಪತ್ರಿಕೆಯಲ್ಲಿ ಅಪ್ಪನ ಕುತ್ತಿಗೆ ಕೊಯ್ದ ಮಗಳೆಂದು ಫೋಟೋ ಬರುತ್ತದೆ. ಆಮೇಲೆ ಬಿಟ್ಟರೂ ಕನ್ನಡಕದ ಅಂಗಡಿಯವನು ಬಾಗಿಲು ತೆಗೆಯುವುದಿಲ್ಲ.

\* \* \*

ಮುದುಕರ ತಮ್ಮ ಇದ್ದದ್ದು ಅದೇ ಮನೆಯ ಕೆಳಗಿನ ಭಾಗದಲ್ಲಿ. ವಿಮಾ ಕಂಪನಿಯಲ್ಲಿ ದೊಡ್ಡ ಅಧಿಕಾರಿಯಾಗಿದ್ದ ಮನುಷ್ಯ. ನಿವೃತ್ತಿಯಾದ ಮೇಲೆ ಹಳೇ ಕ್ಷೌರದ ಕತ್ತಿಗಳನ್ನು ರಿಪೇರಿ ಮಾಡುವ ಹುಚ್ಚು ಹತ್ತಿಸಿಕೊಂಡಿದ್ದ. ಬೀದಿಯ ಜನ ಸಾಣೆರಾಯ ಎಂದು ಹೆಸರಿಟ್ಟಿದ್ದರು. ಆತನ ಕೈಗೆ ಸಿಕ್ಕಿಬಿದ್ದರೆ ಕಿವಿ ಸಾಣೆಗೆ ಕೊಟ್ಟ ಹಾಗೆ ಎಂದು ಎಲ್ಲರಿಗೂ ಅನುಭವವಾಗಿತ್ತು.

ಕೋಣೆಯೊಳಗೆ ಕಾಲಿಟ್ಟ ಕೂಡಲೇ ದಂತವೈದ್ಯರ ಕೋಣೆಯ ವಾಸನೆ ಹೊಡೆಯಿತು. ಗೋಡೆಯ ತುಂಬ ಮಖಮಲ್ಲಿನ ಹಲಗೆ, ಅದರ ಮೇಲೆ ಸಾಲು ಸಾಲು ಕತ್ತಿ. ಮೇಜಿನ ಮೇಲೆ ಸಾಣೆಕಲ್ಲು, ಉಪ್ಪುಕಾಗದ, ಸಣ್ಣ ಸುತ್ತಿಗೆ, ಹಿತ್ತಾಳೆಯ ತಂತಿ, ಹತ್ತಿಯ ಸುರುಳಿ. ಹಿತ್ತಲಿನ ಹಗ್ಗದ ಮೇಲೆ ಒಂದು ರಬ್ಬರ್ ಏಪ್ರನ್ನು ತೊಟ್ಟಿಕ್ಕುತ್ತಿತ್ತು.

ಸಾಣೆರಾಯ ಎದ್ದು ನಿಂತ. ಹಣೆಯ ಮೇಲೆ ಭೂತಗನ್ನಡಿ. ಕಣ್ಣು ಒಣಗಿತ್ತು.

"ಕತ್ತಿ ಎಲ್ಲಿಟ್ಟಿದ್ದೀರಿ ಮೇಡಂ?"

ಅಣ್ಣ ಸತ್ತ ಮನೆಯಲ್ಲಿ ಆತನ ಮೊದಲ ಮಾತು ಅದು.

"ಲಕೋಟೇಲಿ."

"ಪ್ಲಾಸ್ಟಿಕ್ಕಾ? ಪ್ಲಾಸ್ಟಿಕ್ಕಲ್ಲಿ ಇಡಬಾರ್ದು! ಒಳಗೆ ಬೆವರುತ್ತೆ."

"ಕಾಗದದ್ದು. ಕೂತ್ಕೊಳ್ಳಿ. ಆ ಕತ್ತಿ ಬಗ್ಗೆ ಹೇಳಿ."

ಇನ್ನು ಕೇಳಬೇಕೇ? ಕಟ್ಟೆ ಒಡೆಯಿತು. ಆ ಕತ್ತಿ ಅಪ್ಪನದು. ಅಪ್ಪ ಅದನ್ನು ಹಿರೀ ಮಗನಿಗೇ ಕೊಟ್ಟರು. ಯಾಕೆ? ಹಿರಿಯನಾಗಿ ಹುಟ್ಟಿದ ಅನ್ನುವುದು ಬಿಟ್ಟರೆ ಇನ್ನೇನು ಯೋಗ್ಯತೆ? ಆ ಪುಣ್ಯಾತ್ಮ ಅದನ್ನು ಪೆಟ್ಟಿಗೆಯ ತಳಕ್ಕೆ ಎಸೆದ. ತುಕ್ಕು ತಿಂದು ತಿಂದು ಕತ್ತಿಯೋ ಕಬ್ಬಿಣದ ಚೂರೋ ಗೊತ್ತಾಗದಂತಾಗಿತ್ತು. ತಾನು ಮನೆಯಲ್ಲೇ, ಈ ಮೇಜಿನ ಮೇಲೇ, ಅದಕ್ಕೆ ಜೀವ ಕೊಟ್ಟದ್ದು.

"ಹೇಗೆ ಅಂತ ಕೇಳಿ."

ಅವಳು ಕೇಳಲಿಲ್ಲ. ಆತ ಹೇಳಿದ.

"ಮೊದಲು ಕೀಲಿನ ತಲೆ ಅರದಿಂದ ಉಜ್ಜಿ, ಹಿಡಿ ಬಿಡಿಸ್ಬೇಕು. ಅಲಗನ್ನ ಎಣ್ಣೇಲಿ ನೆನೆ ಹಾಕ್ಬೇಕು. ಆಮೇಲೆ ಅಂಚನ್ನ ಗಾಜಿಗೆ ಉಜ್ಜಿ ಮೊಂಡು ಮಾಡ್ಬೇಕು. ಮೊಂಡು ಯಾಕೆ ಅಂತೀರಾ? ಇಲ್ದಿದ್ರೆ ಪಾಲಿಶ್ ಮಾಡೋವಾಗ ಬೆರಳು ಹೋಗುತ್ತೆ. ಆಮೇಲೆ ಒರಟು ಉಪ್ಪುಕಾಗದ, ಅದಕ್ಕಿಂತ ನಯ, ಅದಕ್ಕಿಂತ ನಯ. ಒಂದು ಗೀರು ಉಳಿದ್ರೂ ಮತ್ತೆ ಮೊದಲಿಂದ. ಹಿಡಿ ಕೂರಿಸಿ ಹೊಸ ಕೀಲು ಬಡಿದ ಮೇಲೆ ಸಾಣೆಕಲ್ಲು. ಕೊನೇಲಿ ಚರ್ಮದ ಪಟ್ಟಿಗೆ ತೀಡೋದು. ಕೂದಲನ್ನ ಹೀಗೆ ಮೇಲಿಂದ ಬಿಟ್ರೆ ತಾನಾಗೇ ಎರಡು ತುಂಡಾಗ್ಬೇಕು. ನಿಮಗೆ ಇದೆಲ್ಲ ಅರ್ಥ ಆಗಲ್ಲ ಬಿಡಿ, ಹೆಂಗಸರು."

"ನೀವು ಹೇಳಿ. ಅರ್ಥ ಆದಷ್ಟು ಆಗ್ಲಿ."

"ಆ ಉಕ್ಕಿಗೆ ಶತ್ರು ಯಾರು ಗೊತ್ತಾ? ನೀರು. ಒಂದು ಹನಿ ಕೀಲಿನೊಳಗೆ ಇಳಿದ್ರೆ ಮುಗೀತು. ಅದಕ್ಕೇ ಈ ಎಣ್ಣೆ. ಹೊಲಿಗೆ ಯಂತ್ರದ ಎಣ್ಣೆಗೆ ಲವಂಗದ ಎಣ್ಣೆ ಸೇರ್ಸಿ ನಾನೇ ಮಾಡಿದ್ದು. ನನ್ನದೇ ಮಿಶ್ರಣ."

"ಕತ್ತೀಲಿ ಆ ವಾಸನೆ ಇತ್ತು."

ಆತ ಶೀಸೆಯನ್ನು ಮೇಜಿನ ಮೇಲಿಟ್ಟ. "ಇರ್ಲೇಬೇಕಲ್ಲ. ನಿನ್ನೆ ಕೊಡೋ ಮುಂಚೆ ನಾನೇ ಹಚ್ಚಿದ್ದು. ಕೊಟ್ಟ ಮೇಲೆ ಅದನ್ನ ನೋಡೇ ಇಲ್ಲ. ಇವತ್ತು ಮಹಡೀನೇ ಹತ್ತಿಲ್ಲ. ಮಂಡಿ ನೋವು."

"ನಿಮ್ಮಣ್ಣನ್ನ ಯಾರು ಕೊಂದಿರಬಹುದು?"

"ನಾನು ಯಾಕೆ ಹೇಳ್ಲಿ ಮೇಡಂ? ಬೆಳಿಗ್ಗೆ ಅವಳ ಕೂಗಾಟ ಇಲ್ಲೀವರೆಗೂ ಕೇಳಿಸ್ತು. ಎಷ್ಟಾದ್ರೂ ಮನೆ ಮಗಳು. ಬಿಡಿ." ಸ್ವಲ್ಪ ತಡೆದು, "ಗುಜರಿಯವನೂ ಇದಾನೆ. ಆ ಕತ್ತಿ ಮೇಲೆ ಅವನಿಗೆ ಕಣ್ಣಿತ್ತು. ಅಣ್ಣ ಅವನನ್ನ ಬೈದು ಓಡಿಸಿದ್ದ."

ಹೇಳುವುದಿಲ್ಲ ಎನ್ನುತ್ತಲೇ ಇಬ್ಬರ ಮೇಲೆ ಹೇಳಿ ಮುಗಿಸಿದ. ವಿಮಾ ಕಂಪನಿಯಲ್ಲಿದ್ದ ಮನುಷ್ಯನಲ್ಲವೇ, ಇದೂ ಒಂದು ಥರದ ವಿಮೆ ಎಂದುಕೊಂಡಳು ಅವಳು. ಹೊರಡುವಾಗ ಮೇಜಿನ ಮೇಲಿದ್ದ ಕೊಂಬಿನ ಹಿಡಿಯ ಒಂದು ಕತ್ತಿಯನ್ನು ಎತ್ತಿಕೊಂಡಳು.

"ಇದನ್ನ ತಗೊಂಡು ಹೋಗ್ತೀನಿ. ಹೋಲಿಸಿ ನೋಡೋಕೆ."

"ಜೋಪಾನ!" ಎಂದ ಆತ. ಆ ಒಂದು ಮಾತಿನಲ್ಲಿ ನಿಜವಾದ ದುಃಖವಿತ್ತು.

\* \* \*

ಹೆಡ್ ಕಾನ್‌ಸ್ಟೇಬಲ್ ಗುಜರಿಯವನನ್ನು ಕೊರಳಪಟ್ಟಿ ಹಿಡಿದೇ ಸ್ಟೇಷನ್ನಿಗೆ ಎಳೆದು ತಂದ. ಮುಖದಲ್ಲಿ ಹುಲಿ ಹೊಡೆದ ಗೆಲುವು.

"ಇವನೇ ಮೇಡಂ! ಮುಖ ನೋಡಿದ್ರೇ ಗೊತ್ತಾಗುತ್ತೆ!"

"ಮುಖ ಆಮೇಲೆ ನೋಡೋಣ. ಕೈ ನೋಡಿದ್ಯೇನಯ್ಯಾ?"

ಗುಜರಿಯವನ ಬಲಗೈ ಬೆರಳ ತುದಿಯಿಂದ ಮೊಳಕೈ ತನಕ ಪ್ಲಾಸ್ಟರಿನಲ್ಲಿತ್ತು. ಎಡಗೈಯ ಹೆಬ್ಬೆರಳಿಗೂ ಕಟ್ಟು. ಹಳೇ ಬೀರು ಮೈಮೇಲೆ ಬಿದ್ದಿತ್ತಂತೆ. ಅನ್ನವನ್ನೂ ಹೆಂಡತಿಯೇ ತಿನ್ನಿಸಬೇಕು.

ಕಾನ್‌ಸ್ಟೇಬಲ್ ಮೆಲ್ಲಗೆ ಕೊರಳಪಟ್ಟಿ ಬಿಟ್ಟ. ಕೊಂಚ ಸರಿಪಡಿಸಿಯೂ ಕೊಟ್ಟ.

"ಆ ಕತ್ತಿ ನಿಂಗೆ ಬೇಕಿತ್ತಂತೆ?"

"ಬೇಕಿತ್ತು ತಾಯೀ, ಸುಳ್ಳು ಯಾಕೆ ಹೇಳ್ಲಿ. ಮುದುಕರು ಕೊಡಲ್ಲ ಅಂದ್ರು, ಬಿಟ್ಟೆ. ಆದ್ರೆ ಕೆಳಗಿನ ಸಾಹೇಬರು ಬಿಡ್ಬೇಕಲ್ಲ! ಮಾರನೇ ದಿನಾನೇ ಅಂಗಡಿಗೆ ಬಂದು, ಇನ್ನೊಂದ್ಸಲ ಆ ಕತ್ತಿ ಕೇಳಿದ್ರೆ ಕೈಕಾಲು ಮುರೀತೀನಿ ಅಂತ ಕೂಗಾಡಿದ್ರು. ಯಾರದ್ದೋ ಕತ್ತಿಗೆ ಇವರದೇನು ಹಾರಾಟ?"

ಅವನನ್ನು ಕಳಿಸಿದಳು. ಆಗಲೇ ಶವಪರೀಕ್ಷೆಯ ಡಾಕ್ಟರ ಫೋನು ಬಂತು.

"ಗಾಯ ಆ ಕತ್ತೀದೇ. ಮೇಲ್ನೋಟಕ್ಕೆ ಸ್ವಚ್ಛ. ಆದ್ರೆ ಹತ್ತಿ ತೆಗೆದು ಕೀಲಿನೊಳಗೆ ನೋಡಿದೆ. ರಕ್ತ ಇದೆ. ಅದರ ಮೇಲೆ ಎಣ್ಣೆ."

"ಮೇಲೆ? ಕೆಳಗಲ್ಲ?"

"ಮೇಲೆ. ಅಲಗನ್ನ ಸೋಪು ಹಾಕಿ ತೊಳೆದಿದ್ದಾರೆ, ಹಳೇ ಎಣ್ಣೆ ಏನಾದ್ರೂ ಇದ್ರೂ ಹೋಗಿರುತ್ತೆ. ಇದು ತೊಳೆದಾದ ಮೇಲೆ ಹಾಕಿದ್ದು. ಇನ್ನೊಂದು, ನೀವು ಕಳಿಸಿದ ಡಬ್ಬಿ ಅಂಚಲ್ಲಿ ಉಕ್ಕಿನ ಚೂರು ಸಿಕ್ತು. ಕತ್ತಿಯ ಮುಕ್ಕಿಗೆ ಸರಿಯಾಗಿ ಕೂರುತ್ತೆ."

ಅವಳು ಫೋನು ಇಟ್ಟಳು. ಯಾರೆಂದು ಗೊತ್ತಾಯಿತು. ಆದರೆ ಎಣ್ಣೆಯ ವಾಸನೆ ಇಟ್ಟುಕೊಂಡು ದೊಡ್ಡ ಸಾಹೇಬರ ಮುಂದೆ ಹೋದರೆ ನಗುತ್ತಾರೆ. ಎಣ್ಣೆ ಶೀಸೆ ಮನೆಯಲ್ಲೇ ಇತ್ತಲ್ಲ, ಮಗಳೇ ಹಚ್ಚಿರಬಾರದೇಕೆ ಎನ್ನುತ್ತಾರೆ.

"ಮೇಲಿನ ಮನೆ ಬಚ್ಚಲಲ್ಲಿ ಒಂದು ಮಗ್ಗಿದೆ," ಎಂದಳು ಕಾನ್‌ಸ್ಟೇಬಲ್ಲಿಗೆ. "ತುಂಬ ನೀರು ಹಾಕಿ ಮೇಜಿನ ಮೇಲಿಡು."

\* \* \*

ಸಂಜೆ ದೊಡ್ಡ ಸಾಹೇಬರು ಬಂದರು. ಇಸ್ತ್ರಿ ಮಾಡಿದ ಸಮವಸ್ತ್ರ, ಕ್ಯಾಮೆರಾಕ್ಕೆಂದು ಬಾಚಿದ ಕ್ರಾಪು. ಬೀದಿಯಲ್ಲಿ ಪತ್ರಿಕೆಯವರು ಕಾಯುತ್ತಿದ್ದರು. ಮಹಡಿಯ ನಡುಕೋಣೆಯಲ್ಲಿ ಮಹಿಳಾ ಪೇದೆ ಮಗಳ ರಟ್ಟೆ ಹಿಡಿದು ನಿಂತಿದ್ದಳು.

"ಚಿಕ್ಕಪ್ಪನ್ನೂ ಕರೆಸಿದ್ದೀನಿ ಸರ್. ಕತ್ತಿ ಗುರುತು ಹಿಡೀಬೇಕು," ಎಂದಳು ಇನ್‌ಸ್ಪೆಕ್ಟರ್.

ಕತ್ತಿ ಎಂದ ಕೂಡಲೇ ಮಂಡಿ ನೋವಿನ ಮನುಷ್ಯ ಒಂದೊಂದು ಮೆಟ್ಟಿಲು ಬಿಟ್ಟು ಹತ್ತಿ ಬಂದ. ಬಂದವನು ಬಾಗಿಲಲ್ಲೇ ನಿಂತುಬಿಟ್ಟ.

ಮೇಜಿನ ಮೇಲೆ ಪ್ಲಾಸ್ಟಿಕ್ ಮಗ್ಗು. ಅದರ ತುಂಬ ನೀರು. ಆ ನೀರಿನಲ್ಲಿ, ಕೀಲು ಮುಳುಗುವ ತನಕ, ಆತನ ಕೊಂಬಿನ ಹಿಡಿಯ ಕತ್ತಿ.

"ನಿಂತ್ಕೊಳ್ಳಿ ಅಲ್ಲೇ," ಎಂದಳು ಇನ್‌ಸ್ಪೆಕ್ಟರ್. "ಮೊದಲು ಇವಳ ಕೆಲಸ ಮುಗೀಲಿ. ಕೋಳ ಹಾಕಿ."

ಮಗಳು ಗಾಬರಿಯಿಂದ ತಿರುಗಿದಳು. "ಚಿಕ್ಕಪ್ಪಾ! ನಾನು ಅಂಥವಳಲ್ಲ ಅಂತ ನೀವಾದ್ರೂ ಹೇಳಿ ಚಿಕ್ಕಪ್ಪಾ! ನೀವು ಎತ್ತಿ ಆಡಿಸಿದ ಮಗು ನಾನು!"

ಆತ ಹೇಳಲಿಲ್ಲ. ಅವಳತ್ತ ನೋಡಲೂ ಇಲ್ಲ. ಕಣ್ಣು ಮಗ್ಗಿನಲ್ಲಿ ನೆಟ್ಟಿತ್ತು. ಕೋಳ ಕಟಕ್ಕೆಂದಿತು. ಆತ ತುಟಿ ಕಚ್ಚಿಕೊಂಡ. ಮಹಿಳಾ ಪೇದೆ ಮಗಳನ್ನು ಬಾಗಿಲ ಕಡೆ ನಡೆಸಿದಳು. ಮಗಳ ಅಳು ಆತನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಇನ್‌ಸ್ಪೆಕ್ಟರ್ ಯಾವುದೋ ಯೋಚನೆಯಲ್ಲಿದ್ದವಳಂತೆ ಮಗ್ಗನ್ನು ಎತ್ತಿ, ಒಮ್ಮೆ ಕುಲುಕಿ, ಕೆಳಗಿಟ್ಟಳು. ಅಲಗು ಪ್ಲಾಸ್ಟಿಕ್ಕಿಗೆ ತಾಗಿ ಟಕ್ಕೆಂದಿತು.

"ಅಯ್ಯೋ, ತೆಗೀರಿ ಅದನ್ನ!" ಸಾಣೆರಾಯ ದೊಡ್ಡ ಸಾಹೇಬರನ್ನೇ ತಳ್ಳಿಕೊಂಡು ನುಗ್ಗಿದ. ಕತ್ತಿಯನ್ನು ಮಗ್ಗಿನಿಂದ ಎಳೆದ. ಅಂಗಿಯ ತುದಿಯಿಂದ ಅಲಗನ್ನು ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಒರೆಸಿದ, ತಿರುಗಿಸಿ ಮತ್ತೆ ಒರೆಸಿದ. ಜೇಬಿಗೆ ಕೈ ಹೋಯಿತು. ಹತ್ತಿ ಬಂತು. ಎರಡು ಬೆರಳಲ್ಲಿ ಹೊಸೆದು ಬತ್ತಿ ಮಾಡಿ ಕೀಲಿನ ಸಂದಿಗೆ ತುರುಕಿದ. ಇನ್ನೊಂದು ಜೇಬಿನಿಂದ ಸಣ್ಣ ಶೀಸೆ ಬಂತು. ಒಂದು ಹನಿ ಎಣ್ಣೆ. ಕೋಣೆಯ ತುಂಬ ಲವಂಗದ ವಾಸನೆ ಹರಡಿತು.

"ಕಾಡುಜನ! ಕತ್ತಿ ಅಂದ್ರೆ ಏನು ಅಂತ ಗೊತ್ತೇನ್ರೀ ನಿಮಗೆ? ಒಬ್ಬ ಡಬ್ಬಿ ಮುಚ್ಚಳ ಎಬ್ಬಿಸಿ ಮುಕ್ಕು ಮಾಡ್ತಾನೆ, ಇನ್ನೊಬ್ಬಳು ತಂದು ನೀರಲ್ಲಿ ಮುಳುಗಿಸ್ತಾಳೆ!"

"ಡಬ್ಬಿ ಮುಚ್ಚಳ ಎಬ್ಬಿಸಿದ್ದು ಯಾರು?" ಎಂದಳು ಇನ್‌ಸ್ಪೆಕ್ಟರ್.

ಆತ ಶೀಸೆಯ ಮುಚ್ಚಳ ಹುಡುಕತೊಡಗಿದ.

"ನಿನ್ನೆ ಸಂಜೆಯಿಂದ ನೀವು ಆ ಕತ್ತಿ ನೋಡಿಲ್ಲ. ಇವತ್ತು ಮಹಡಿ ಹತ್ತಿಲ್ಲ. ಮುಕ್ಕಾಗಿದ್ದು ನಿಮಗೆ ಯಾರು ಹೇಳಿದ್ರು?"

"ಜನ... ಜನ ಮಾತಾಡ್ತಿದ್ರು."

"ಜನಕ್ಕೆ ಗೊತ್ತಿಲ್ಲ. ಮುಕ್ಕು ನೋಡಿದ್ದು ನಾನು, ಈ ಕಾನ್‌ಸ್ಟೇಬಲ್ಲು, ಡಾಕ್ಟರು. ಅವಳ ಕೋಳ ಬಿಚ್ಚಮ್ಮಾ. ಈ ಮಹಾನುಭಾವರಿಗೆ ಹಾಕು. ಮೊದಲು ಆ ಕತ್ತಿ ಇಸ್ಕೋ, ಜೋಪಾನ ಮಾಡೋದ್ರಲ್ಲಿ ಮೈ ಮರ್ತಿದ್ದಾರೆ."

ದೊಡ್ಡ ಸಾಹೇಬರು ಕೆಮ್ಮಿದರು. "ಸ್ವಲ್ಪ ಬಿಡಿಸಿ ಹೇಳಮ್ಮಾ."

"ಕೇಳಿ ಸರ್. ಮಗಳು ಅರ್ಧ ಕ್ಷೌರಕ್ಕೆ ಎದ್ದು ಹೋದ್ಲು. ಡಬ್ಬಿ ತೆಗೆದುಕೊಟ್ಟಿರ್ಲಿಲ್ಲ. ಮುದುಕರಿಗೆ ಹಸಿವು. ಕೈಗೆ ಸಿಕ್ಕಿದ್ದು ಈ ಕತ್ತಿ. ಎರಡೂ ಕೈ ಹಾಕಿ ಮುಚ್ಚಳದ ಸಂದಿಗೆ ತುರುಕಿ ಎಬ್ಬಿಸಿದ್ರು. ಅಂಚು ಮುರೀತು, ಚೂರು ಡಬ್ಬೀಲಿ ಉಳೀತು. ಆಗ ಇವರು ಬಂದ್ರು. ಅಣ್ಣ ತನ್ನ ಕತ್ತೀಲಿ ಮೊದಲ ಕ್ಷೌರ ಮಾಡಿಸ್ಕೊಳ್ಳೋದನ್ನ ನೋಡೋಣ ಅಂತ ಕೆಲಸದ ಏಪ್ರನ್ನಲ್ಲೇ ಹತ್ತಿ ಬಂದ್ರು. ಕಂಡಿದ್ದು ಬಿಸ್ಕತ್ತು ಡಬ್ಬಿ. ಸಿಟ್ಟಲ್ಲಿ ಕತ್ತಿ ಕಿತ್ಕೊಂಡು ಕುತ್ತಿಗೆಗೆ ಬೀಸಿದ್ರು. ಏಪ್ರನ್ನು ತೊಳೆದು ಒಣಗಿ ಹಾಕಿದ್ದಾರೆ. ಹೊಲಿಗೆ ಬಿಚ್ಚಿ ನೋಡಿದ್ರೆ ರಕ್ತ ಸಿಗುತ್ತೆ."

"ಆದ್ರೆ ಮಗಳಲ್ಲ ಅಂತ ಹೇಗೆ?"

"ಆ ಮಗ್ಗು ನೋಡಿ ಸರ್. ಅವಳ ಬ್ಲೇಡು ವರ್ಷಗಟ್ಟಲೆ ಇದರ ನೀರಲ್ಲೇ ನೆನೀತಿತ್ತು. ಅಂಥವಳು ಕೊಲೆ ಮಾಡಿದ್ರೆ ಕತ್ತೀನ ತೊಳೆದು ಎಸೀತಾಳೆ. ತೊಳೆಯೋದು ಭಯಕ್ಕೆ. ಹತ್ತಿ ಹೊಸೆದು ಕೀಲಿಗೆ ಇಡೋದು ಭಯಕ್ಕಲ್ಲ. ರಕ್ತ ತಾಗಿದ ಉಕ್ಕು ಬೇಗ ಹಾಳಾಗುತ್ತೆ ಅಂತ ಸಂಕಟ. ಎಣ್ಣೆ ರಕ್ತದ ಮೇಲಿದೆ, ಅಂದ್ರೆ ಕೊಲೆ ಆದ್ಮೇಲೆ ಹಚ್ಚಿದ್ದು. ಇವರು ಕತ್ತೀನ ಹಾಗೇ ಮುದುಕರ ಕೈಗೆ ಇಟ್ಟು ಹೋಗಿದ್ರೆ ನೀವು ಆತ್ಮಹತ್ಯೆ ಅಂತ ಮುಚ್ಚಿ ಹಾಕ್ತಿದ್ರಿ. ಇಲ್ಲ, ಮಗಳು ಅಂತ ಮುಗಿಸ್ತಿದ್ರಿ. ಆದ್ರೆ ಇವರ ಕೈ ಕೇಳ್ಬೇಕಲ್ಲ! ಅಣ್ಣ ಕುರ್ಚೀಲಿ ಸಾಯ್ತಿದ್ದಾನೆ. ಇವರು ಬಚ್ಚಲಲ್ಲಿ ನಿಂತು ಕತ್ತಿಗೆ ಉಪಚಾರ ಮಾಡ್ತಿದ್ರು."

ಸಾಣೆರಾಯ ಕುಸಿದು ಕೂತ. ಕಣ್ಣಲ್ಲಿ ಈಗ ನೀರು ಬಂತು. ಆದರೆ ಬಾಯಿಂದ ಬಂದ ಮಾತು ಬೇರೆ.

"ಅಪ್ಪನ ಕತ್ತಿ ಮೇಡಂ. ಅಪ್ಪ ನನಗೆ ಕೊಡ್ಲಿಲ್ಲ. ಅವನಿಗೆ ಕೊಟ್ರು. ತಿಂಗಳುಗಟ್ಟಲೆ ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕೆಲಸ ಮಾಡಿದೆ. ಅವನು ಒಂದು ಒಳ್ಳೇ ಮಾತು ಆಡ್ಲಿಲ್ಲ. ಮಾರನೇ ದಿನಾನೇ ಅದನ್ನ... ಒಂದು ಬಿಸ್ಕತ್ತಿಗೆ!"

"ಆ ಬಿಸ್ಕತ್ತೂ ಅವರಿಗೆ ಸಿಗ್ಲಿಲ್ಲ," ಎಂದಳು ಇನ್‌ಸ್ಪೆಕ್ಟರ್. "ಕುರ್ಚಿ ಕೆಳಗೆ ಬಿದ್ದಿತ್ತು. ನಡೀರಿ."

ಅವಳಿಗೆ ಎಷ್ಟೋ ಕೊಲೆಗಾರರ ಮೇಲೆ ಸಿಟ್ಟು ಬಂದಿತ್ತು. ಕೆಲವರ ಮೇಲೆ ಮರುಕವೂ ಹುಟ್ಟಿತ್ತು. ಈತನನ್ನು ನೋಡಿದರೆ ಹೇಸಿಗೆ ಬಿಟ್ಟು ಇನ್ನೇನೂ ಹುಟ್ಟಲಿಲ್ಲ.

ಮೆಟ್ಟಿಲಿಳಿಯುವಾಗ ಆತ ಒಮ್ಮೆ ತಿರುಗಿದ. ಅಣ್ಣನ ಮಗಳು ಅಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಕ್ಷಮಿಸು ಎನ್ನುತ್ತಾನೇನೋ ಎಂದು ಎಲ್ಲರೂ ಕಾದರು.

"ಮೇಡಂ," ಎಂದ ಆತ, "ಆ ಲಕೋಟೆಯನ್ನ ತೇವ ಇರೋ ಕಡೆ ಇಡ್ಬೇಡಿ."

ದೊಡ್ಡ ಸಾಹೇಬರು ಆಗಲೇ ಬೀದಿಯಲ್ಲಿ ಕ್ಯಾಮೆರಾಗಳ ಮುಂದೆ ನಿಂತು, ತಮಗೆ ಮೊದಲಿಂದಲೂ ತಮ್ಮನ ಮೇಲೆಯೇ ಅನುಮಾನವಿತ್ತು ಎಂದು ವಿವರಿಸುತ್ತಿದ್ದರು.

\* \* \*

ಮರುದಿನ ಬೆಳಿಗ್ಗೆ ಮಗಳು ಶವಾಗಾರದ ಬಾಗಿಲಲ್ಲಿ ಕಾದಿದ್ದಳು. ಕೈಯಲ್ಲಿ ಒಂದು ಬಟ್ಟೆ ಚೀಲ. ಇನ್‌ಸ್ಪೆಕ್ಟರನ್ನು ಕಂಡು ಎದ್ದಳು.

"ಮೇಡಂ, ಒಂದು ಮಾತು. ದೇಹ ಕೊಡೋ ಮುಂಚೆ ಒಂದೈದು ನಿಮಿಷ ಒಳಗೆ ಬಿಡ್ತೀರಾ? ಅಪ್ಪನ ಇನ್ನೊಂದು ಕೆನ್ನೆ ಬಾಕಿ ಇದೆ."

ಇನ್‌ಸ್ಪೆಕ್ಟರ್ ಅವಳ ಕೈಯಿಂದ ಚೀಲ ತೆಗೆದುಕೊಂಡು ಒಳಗೆ ನೋಡಿದಳು. ಸೋಪು, ಬ್ರಷ್ಷು, ಟವೆಲ್ಲು, ಷೇವಿಂಗ್ ಸೆಟ್ಟು. ಸೆಟ್ಟಿನಲ್ಲಿ ಅದೇ ಕೆಂಪು ತುಕ್ಕಿನ ಬ್ಲೇಡು. ಪಾಪ, ಅವಳಿಗೆ ಅದೊಂದು ಹೊಳೆದೇ ಇರಲಿಲ್ಲ.

ಇನ್‌ಸ್ಪೆಕ್ಟರ್ ಬೈಯಲು ಬಾಯಿ ತೆರೆದಳು. ಬೈಯಲಿಲ್ಲ. ರಸ್ತೆಯಾಚೆಯ ಅಂಗಡಿಗೆ ತಾನೇ ನಡೆದುಹೋಗಿ ಹೊಸ ಬ್ಲೇಡು ತಂದಳು. ಹಳೆಯದನ್ನು ಬಿಚ್ಚಿ ಕಸದ ಬುಟ್ಟಿಗೆ ಹಾಕಿದಳು. ಹೊಸದನ್ನು ಹಾಕಿ, ತಿರುಪು ಬಿಗಿ ಮಾಡಿ ಸೆಟ್ಟನ್ನು ಮಗಳ ಕೈಗಿಟ್ಟಳು.

"ಹೋಗಮ್ಮಾ," ಎಂದಳು. "ಇವತ್ತು ಕೆರೆಯಲ್ಲ."

ಬಾಗಿಲು ಮುಚ್ಚಿಕೊಂಡಿತು. ಒಳಗೆ ನಲ್ಲಿ ಬಿಟ್ಟ ಸದ್ದು ಕೇಳಿತು, ಆಮೇಲೆ ಬ್ರಷ್ಷನ್ನು ಸೋಪಿಗೆ ಉಜ್ಜುವ ಸದ್ದು. ಯಾರೂ ಒಳಗೆ ಹೋಗದಂತೆ ಸಿಡುಕಮ್ಮ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.